ನಾಯಕ ಸತ್ತರೆ ದಳ ಸತ್ತೀತೇ?

(ರಾಜ್ಯೋತ್ಸವದ ಅಂಗವಾಗಿ ನಡೆದ ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಇಂಥ ಕೂಟದಲ್ಲಿ ಕನ್ನಡ ನುಡಿಯ ಹಿರಿಮೆಯನ್ನೋ ಏಕೀಕರಣದ ಕಥೆಯನ್ನೋ ಹೇಳುವುದು ವಾಡಿಕೆ. ಅದನ್ನು ನಮಗಿಂತ ಸೊಗಸಾಗಿ ಹೇಳಬಲ್ಲವರು ಈ ಸಭೆಯಲ್ಲೇ ಹಲವರಿದ್ದಾರೆ. ನಾವು ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರು. ಆದುದರಿಂದ ಕಾರ್ಯದರ್ಶಿಗಳು ಮಾತನಾಡಲು ಕೇಳಿದಾಗ, ನಮ್ಮ ಮೇಲೆ ಬಹುದಿನದಿಂದ ಬಾಕಿ ಇರುವ ಒಂದು ಪ್ರಶ್ನೆಯ ಸಾಲವನ್ನು ತೀರಿಸಿಬಿಡೋಣವೆಂದು ಒಪ್ಪಿಕೊಂಡೆವು.

ಪ್ರಶ್ನೆ ನಮ್ಮ ಸಂಘದ ಹಿರಿಯರಾದ ರಾಯರೊಬ್ಬರದು. ತಮ್ಮ ಹೆಸರು ಹೇಳಕೂಡದೆಂದು ಅವರೇ ಕಟ್ಟು ಮಾಡಿದ್ದಾರೆ. 2006ರ ಜುಲೈ 11ರ ಸಂಜೆ ನಮ್ಮ ಮುಂಬಯಿಯ ಪಶ್ಚಿಮ ರೈಲ್ವೆಯ ಲೋಕಲುಗಳಲ್ಲಿ ಹನ್ನೊಂದು ನಿಮಿಷಗಳೊಳಗೆ ಏಳು ಬಾಂಬುಗಳು ಸಿಡಿದು ನೂರೆಂಬತ್ತಕ್ಕೂ ಹೆಚ್ಚು ಜನ ಸತ್ತರಲ್ಲ, ಆ ಒಂದು ಗಾಡಿಯಲ್ಲಿ ರಾಯರಿದ್ದರು. ಅಂದಿನಿಂದ ಅವರ ಎಡಗಿವಿ ಕೇಳಿಸದು. ದಿನವೂ ಚರ್ಚಗೇಟಿನಲ್ಲಿ ಅವರಿಗೆಂದು ಸೀಟು ಹಿಡಿದಿಡುತ್ತಿದ್ದ ಗುಜರಾತಿ ಗೆಳೆಯರು ಅಂದು ಮನೆಗೆ ತಲುಪಲಿಲ್ಲ.

2022ರ ಜುಲೈ 31ರಂದು ಅಲ್ ಖೈದಾದ ಮುಖಂಡ ಐಮನ್ ಅಲ್ ಜವಾಹಿರಿಯನ್ನು ಅಮೆರಿಕದವರು ಕಾಬೂಲಿನಲ್ಲಿ ಡ್ರೋನಿನಿಂದ ಕೊಂದರು. ಆ ಸುದ್ದಿ ಬಂದ ವಾರ ಸಂಘದ ವಾಚನಾಲಯದಲ್ಲಿ ಪತ್ರಿಕೆ ಮಡಿಸಿಡುತ್ತ ರಾಯರು ನಮ್ಮನ್ನು ಕೇಳಿದರು: “ಏನಯ್ಯಾ, ನೀನು ಲೆಕ್ಕ ಓದಿದವನು. ಮೊದಲು ಬಿನ್ ಲಾದೆನ್‌ನನ್ನು ಕೊಂದರು, ಈಗ ಇವನನ್ನು ಕೊಂದರು. ಹೀಗೆ ಒಬ್ಬೊಬ್ಬರನ್ನೇ ಕೊಲ್ಲುತ್ತ ಹೋದರೆ ಇದು ಮುಗಿಯುತ್ತದೋ? ನನ್ನ ಮೊಮ್ಮಗಳು ನಿಶ್ಚಿಂತೆಯಿಂದ ರೈಲು ಹತ್ತಬಹುದೋ?”

ಆಗ ನಮಗೆ ಉತ್ತರ ಹೊಳೆಯಲಿಲ್ಲ. “ನೋಡೋಣ ರಾಯರೇ” ಎಂದು ಜಾರಿಕೊಂಡೆವು. ಆಮೇಲೆ ಬಿಡುವು ಸಿಕ್ಕಾಗಲೆಲ್ಲ ಓದಿದೆವು. ಓದಿ ತಿಳಿದುದನ್ನು ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ಮುಖಂಡನು ಬಿದ್ದರೆ ಪಡೆ ಚೆದುರೀತೆಂಬುದು ಎಲ್ಲರಿಗೂ ಸಹಜವಾಗಿ ತೋರುವ ಮಾತು. ರಾವಣ ಬಿದ್ದನು, ಲಂಕೆಯ ಯುದ್ಧ ನಿಂತಿತು. ಆದರೆ ಅಲ್ಲಿ ಪಟ್ಟಕ್ಕೇರಲು ವಿಭೀಷಣನಿದ್ದನೆಂಬುದನ್ನು ನಾವು ಮರೆಯುತ್ತೇವೆ. ಭಾರತದ ಕಥೆಯನ್ನು ನೋಡಿರಿ. ಯುದ್ಧದ ಪರ್ವಗಳಿಗೆ ಇಟ್ಟ ಹೆಸರು ಯಾರವು? ಭೀಷ್ಮಪರ್ವ, ದ್ರೋಣಪರ್ವ, ಕರ್ಣಪರ್ವ, ಶಲ್ಯಪರ್ವ. ಹತ್ತು ದಿನಕ್ಕೆ ಭೀಷ್ಮ ಮಲಗಿದ, ದ್ರೋಣನಿಗೆ ಪಟ್ಟ ಕಟ್ಟಿದರು. ಐದು ದಿನಕ್ಕೆ ದ್ರೋಣ ಹೋದ, ಕರ್ಣ ಬಂದ. ಎರಡು ದಿನಕ್ಕೆ ಕರ್ಣನೂ ಬಿದ್ದ, ಶಲ್ಯ ಬಂದ. ಸೇನಾಪತಿ ಸಾಯುತ್ತಲೇ ಇದ್ದ, ಯುದ್ಧ ನಡೆಯುತ್ತಲೇ ಇತ್ತು. ಹಾಗಾದರೆ ಯಾವ ಪಡೆ ಲಂಕೆಯಂತೆ ನಿಲ್ಲುತ್ತದೆ, ಯಾವ ಪಡೆ ಕುರುಕ್ಷೇತ್ರದಂತೆ ಮುಂದುವರಿಯುತ್ತದೆ ಎಂಬುದೇ ವಿಚಾರ ಮಾಡತಕ್ಕ ಸಂಗತಿ.

ನಮ್ಮ ಕಸುಬಿನ ಒಂದು ಉದಾಹರಣೆ ಕೊಡುತ್ತೇವೆ. ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬರು ಅಂಗಡಿ ಇಟ್ಟಿದ್ದರು. ಯಾರಿಗೆ ಎಷ್ಟು ಉದ್ದರಿ, ಯಾವ ಮಂಡಿಯಲ್ಲಿ ಯಾವ ದರ, ಎಲ್ಲವೂ ಅವರ ತಲೆಯೊಳಗೆ. ಅವರು ತೀರಿಕೊಂಡರು, ಮೂರು ತಿಂಗಳಲ್ಲಿ ಅಂಗಡಿಗೆ ಬೀಗ ಬಿತ್ತು. ನಮ್ಮ ಶಾಖೆಯಲ್ಲಾದರೋ ಹತ್ತು ವರ್ಷದಲ್ಲಿ ಐವರು ಮ್ಯಾನೇಜರುಗಳು ಬಂದು ಹೋದರು. ಒಬ್ಬರು ಹೋದ ಮರುದಿನವೂ ಹತ್ತು ಗಂಟೆಗೆ ಬಾಗಿಲು ತೆರೆಯಿತು. ಏಕೆ? ಲೆಡ್ಜರಿದೆ, ನಿಯಮವಿದೆ, ಎರಡನೆಯ ಸಹಿ ಹಾಕುವವರಿದ್ದಾರೆ. ಎಲ್ಲಕ್ಕೂ ಮಿಗಿಲಾಗಿ ನಂಬಿ ಹಣ ಇಡುವ ಗಿರಾಕಿಗಳಿದ್ದಾರೆ. ಭಯೋತ್ಪಾದಕ ದಳಗಳಲ್ಲಿಯೂ ಕೆಲವು ಅಂಗಡಿಯಂಥವು, ಕೆಲವು ಬ್ಯಾಂಕಿನಂಥವು. ಇದೇ ನಮ್ಮ ಇಂದಿನ ಮಾತಿನ ಸಾರ.

ಮೊದಲು ಅಂಗಡಿಯಂಥದರ ಕಥೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಅಬಿಮಾಯೆಲ್ ಗುಜ್ಮಾನ್ ಎಂಬ ತತ್ತ್ವಶಾಸ್ತ್ರದ ಅಧ್ಯಾಪಕನಿದ್ದನು. ‘ಹೊಳೆಯುವ ಹಾದಿ’ ಎಂಬ ಅರ್ಥದ ಹೆಸರಿನ ದಳವನ್ನು ಕಟ್ಟಿ, 1980ರ ಮೇ ತಿಂಗಳಲ್ಲಿ ಒಂದು ಹಳ್ಳಿಯ ಮತಪೆಟ್ಟಿಗೆಗಳನ್ನು ಸುಡಿಸುವ ಮೂಲಕ ಆತ ಯುದ್ಧವನ್ನು ಆರಂಭಿಸಿದ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸತ್ತವರೂ ಕಾಣೆಯಾದವರೂ ಸೇರಿ ಸುಮಾರು 69,000 ಮಂದಿ ಎಂದೂ, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಸಾವಿಗೆ ಈ ದಳವೇ ಕಾರಣವೆಂದೂ ಆ ದೇಶದ ಸತ್ಯಶೋಧನ ಆಯೋಗವು 2003ರಲ್ಲಿ ಅಂದಾಜು ಮಾಡಿತು. ದಳದ ಸಿದ್ಧಾಂತವೂ ಆತನೇ, ಆಜ್ಞೆಯೂ ಆತನೇ, ಪೂಜೆಗೊಳ್ಳುವ ದೇವರೂ ಆತನೇ. ಎರಡನೆಯವನೆಂದು ಬೆಳೆಯಲು ಯಾರನ್ನೂ ಬಿಟ್ಟವನಲ್ಲ.

ಇವನನ್ನು ಹಿಡಿದ ಬಗೆ ಸ್ವಾರಸ್ಯವಾದುದು. ರಾಜಧಾನಿ ಲಿಮಾದಲ್ಲಿ ಪೊಲೀಸರ ಒಂದು ಸಣ್ಣ ಪತ್ತೇದಾರಿ ತಂಡ, ನೃತ್ಯಶಾಲೆಯೊಂದಿದ್ದ ಮನೆಯ ಕಸದ ಚೀಲಗಳನ್ನು ದಿನವೂ ಬಿಚ್ಚಿ ನೋಡುತ್ತಿತ್ತು. ಆ ಮನೆಯಲ್ಲಿ ಇರುವವರ ಲೆಕ್ಕಕ್ಕೆ ಮೀರಿದ ಕಸ. ಅದರಲ್ಲಿ ಅವನು ಸೇದುವ ಜಾತಿಯ ಸಿಗರೇಟಿನ ತುಂಡು. ಅವನಿಗಿದ್ದ ಚರ್ಮರೋಗದ ಮುಲಾಮಿನ ಖಾಲಿ ಟ್ಯೂಬು. 1992ರ ಸೆಪ್ಟೆಂಬರ್ 12ರ ರಾತ್ರಿ ಒಳನುಗ್ಗಿ, ರಕ್ತಪಾತವಿಲ್ಲದೆ ಅವನನ್ನು ಹಿಡಿದರು. ಜೊತೆಗೆ ದಳದ ಕಾಗದಪತ್ರಗಳೂ ಸಿಕ್ಕವು. ಪಟ್ಟೆಪಟ್ಟೆಯ ಕೈದಿಯ ಉಡುಪು ತೊಡಿಸಿ ಪಂಜರದಲ್ಲಿ ನಿಲ್ಲಿಸಿ ಲೋಕಕ್ಕೆ ತೋರಿಸಿದರು. ಮರುವರ್ಷ ಸೆರೆಮನೆಯಿಂದಲೇ ಆತ ಸಂಧಾನದ ಮಾತನ್ನಾಡಿದ. ದೇವರೆಂದುಕೊಂಡವನೇ ಹಾಗೆಂದಾಗ ಅನುಯಾಯಿಗಳು ಎರಡಾಗಿ ಒಡೆದರು, ದಳ ಬೇಗನೆ ಕುಗ್ಗಿತು. ಗುಜ್ಮಾನ್ 2021ರಲ್ಲಿ ಸೆರೆಯಲ್ಲೇ ಸತ್ತ. ಎರಡು ಸಂಗತಿಗಳನ್ನು ನೆನಪಿಡಬೇಕು. ಒಂದು, ಅವನನ್ನು ಕೊಂದಿರಲಿಲ್ಲ. ಕೊಂದಿದ್ದರೆ ಹುತಾತ್ಮನಾಗುತ್ತಿದ್ದ, ಸಂಧಾನದ ಮಾತನ್ನಾಡುವ ನಾಲಿಗೆ ಇರುತ್ತಿರಲಿಲ್ಲ. ಎರಡು, ಅಷ್ಟು ಹೊತ್ತಿಗೆ ಬೆಟ್ಟದ ಹಳ್ಳಿಗಳ ರೈತರೇ ಕಾವಲು ಪಡೆ ಕಟ್ಟಿಕೊಂಡು ದಳಕ್ಕೆ ತಿರುಗಿ ನಿಂತಿದ್ದರು.

ಇನ್ನು ಬ್ಯಾಂಕಿನಂಥದರ ಕಥೆ. ಇರಾಕಿನಲ್ಲಿ ಅಲ್ ಖೈದಾದ ಶಾಖೆಯನ್ನು ಕಟ್ಟಿದವನು ಜೋರ್ಡಾನಿನ ಅಬು ಮುಸಾಬ್ ಅಲ್ ಜರ್ಕಾವಿ. ಕ್ರೌರ್ಯದಲ್ಲಿ ತನ್ನವರನ್ನೇ ನಾಚಿಸಿದವನು. 2006ರ ಜೂನ್ 7ರಂದು ಬಾಕೂಬಾ ಪಟ್ಟಣದ ಬಳಿ ವಿಮಾನದಿಂದ ಬಾಂಬು ಹಾಕಿ ಅವನನ್ನು ಕೊಂದರು. ಇನ್ನೇನು, ಮುಗಿಯಿತೆಂದು ಹಲವರು ತಿಳಿದರು. ಆದರೆ ಇರಾಕಿನ ಅತ್ಯಂತ ಕೆಟ್ಟ ತಿಂಗಳುಗಳು ಬಂದದ್ದು ಅದಾದ ಮೇಲೆ. ಹೊಸ ನಾಯಕ ಬಂದ. ಅಕ್ಟೋಬರಿನಲ್ಲಿ ದಳ ತನ್ನನ್ನು ‘ಇಸ್ಲಾಮಿಕ್ ರಾಜ್ಯ’ವೆಂದು ಸಾರಿಕೊಂಡಿತು.

ಅದನ್ನು ನಿಜವಾಗಿ ಬಗ್ಗಿಸಿದ್ದು ಬೇರೊಂದು. ಅನ್‌ಬಾರ್ ಪ್ರಾಂತದ ಬುಡಕಟ್ಟಿನ ಮುಖ್ಯಸ್ಥರು ಈ ದಳದ ದಬ್ಬಾಳಿಕೆಗೆ ಬೇಸತ್ತು, 2006ರ ಸೆಪ್ಟೆಂಬರಿನಿಂದ ಒಟ್ಟಾಗಿ ಎದ್ದು ನಿಂತರು. ಮರುವರ್ಷ ಅಮೆರಿಕದ ಸೈನ್ಯವೂ ಹೆಚ್ಚಿತು. ಗಿರಾಕಿಗಳು ಠೇವಣಿ ಹಿಂತೆಗೆದರೆ ಬ್ಯಾಂಕು ನಡುಗುವಂತೆ ದಳ ನಡುಗಿತು. 2010ರ ಏಪ್ರಿಲಿನಲ್ಲಿ ಅದರ ಇಬ್ಬರು ಮುಖ್ಯಸ್ಥರೂ ಒಂದೇ ದಿನ ಸತ್ತರು. ಆ ಜೂನಿನಲ್ಲಿ ಅಮೆರಿಕದ ಸೇನಾನಿ ಓಡಿಯರ್ನೊ ಅವರು, ದಳದ ಮೇಲಿನ 42 ಮಂದಿಯಲ್ಲಿ 34 ಮಂದಿ ಸತ್ತಿದ್ದಾರೆ ಇಲ್ಲವೆ ಸೆರೆಯಾಗಿದ್ದಾರೆಂದು ಲೆಕ್ಕ ಕೊಟ್ಟರು. ನೂರಕ್ಕೆ ಎಂಬತ್ತು! ಯಾವ ಬ್ಯಾಂಕಿನ ಮೇಲಧಿಕಾರಿಗಳಲ್ಲಿ ನೂರಕ್ಕೆ ಎಂಬತ್ತು ಜನ ಹೋದರೂ ನಾವು ಬಾಗಿಲು ಮುಚ್ಚಿತೆಂದೇ ಬರೆಯುತ್ತೇವೆ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಅಬು ಬಕರ್ ಅಲ್ ಬಗ್ದಾದಿ ಎಂಬವನು ಗದ್ದುಗೆ ಏರಿದ್ದ. ನಾಲ್ಕು ವರ್ಷ ಕಳೆಯುವುದರಲ್ಲಿ, 2014ರ ಜೂನಿನಲ್ಲಿ, ಅವನ ಪಡೆ ಇರಾಕಿನ ದೊಡ್ಡ ನಗರಗಳಲ್ಲೊಂದಾದ ಮೊಸೂಲನ್ನೇ ನುಂಗಿತು.

ಇದು ಹೇಗಾಯಿತು? ಪಕ್ಕದ ಸಿರಿಯಾದಲ್ಲಿ ಅಂತರ್ಯುದ್ಧ ಹೊತ್ತಿತ್ತು. 2011ರ ಕೊನೆಗೆ ಅಮೆರಿಕದ ಸೈನ್ಯ ಹೊರಟುಹೋಗಿತ್ತು. ತಮಗೆ ನ್ಯಾಯವಿಲ್ಲವೆಂದು ಸುನ್ನಿ ಜನ ಬಗ್ದಾದಿನ ಸರ್ಕಾರದ ಮೇಲೆ ಮುನಿದಿದ್ದರು. 2013ರ ಜುಲೈಯಲ್ಲಿ ಅಬು ಘ್ರೈಬ್ ಸೆರೆಮನೆ ಒಡೆದು ನೂರಾರು ಕೈದಿಗಳು ಪಾರಾದರು. ನಾಯಕರು ಸತ್ತಿದ್ದರು, ಆದರೆ ನೆಲ ಹಸಿಯಾಗಿಯೇ ಇತ್ತು.

ಇವರ ಲೆಕ್ಕಪತ್ರಗಳ ಸಂಗತಿ ನಮ್ಮಂಥ ಗುಮಾಸ್ತರಿಗೆ ಹೆಚ್ಚು ಬೆರಗು ತಂದಿತು. ಅನ್‌ಬಾರಿನಲ್ಲಿ ಈ ದಳದ 2005–06ರ ಕಾಗದಗಳು ಸಿಕ್ಕಿದ್ದವು. ಅಮೆರಿಕದ ರ್‍ಯಾಂಡ್ ಸಂಸ್ಥೆಯ ಅರ್ಥಶಾಸ್ತ್ರಜ್ಞರು ಅವನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಆಳುಗಳಿಗೆ ಸಂಬಳದ ಪಟ್ಟಿ ಇತ್ತು. ಸಂಬಳ ಊರಿನ ಸಾಮಾನ್ಯ ಸಂಸಾರದ ಗಳಿಕೆಗಿಂತಲೂ ಕಡಿಮೆ; ಆದರೆ ಮನೆಯಲ್ಲಿ ಉಣ್ಣುವ ಬಾಯಿ ಎಷ್ಟೆಂದು ನೋಡಿ ಹೆಚ್ಚಿಗೆ ಕೊಡುತ್ತಿದ್ದರು. ಆಳು ಸತ್ತರೆ ಅಥವಾ ಸೆರೆಯಾದರೆ ಅವನ ಸಂಸಾರಕ್ಕೆ ಹಣ ಹೋಗುತ್ತಲೇ ಇತ್ತು. ಆಫ್ರಿಕದ ಮಾಲಿ ದೇಶದ ಟಿಂಬಕ್ಟು ಪಟ್ಟಣದಲ್ಲಿ ಅಲ್ ಖೈದಾದ ಇನ್ನೊಂದು ಶಾಖೆ ಬಿಟ್ಟು ಓಡಿದ ಕಟ್ಟಡದಲ್ಲಿ 2013ರಲ್ಲಿ ಪತ್ರಕರ್ತರಿಗೆ ನೂರಕ್ಕೂ ಹೆಚ್ಚು ರಶೀದಿಗಳು ಸಿಕ್ಕವು. ಒಂದು ಸಾಬೂನು, ಒಂದು ವಿದ್ಯುದ್ದೀಪದ ಬಲ್ಬು ಕೊಂಡದ್ದಕ್ಕೂ ರಶೀದಿ! ನಮ್ಮ ಸಂಘದ ಖಜಾಂಚಿಗಳು ಕೂಡ ಅಷ್ಟು ಕಟ್ಟುನಿಟ್ಟಲ್ಲ; ಅವರು ಕ್ಷಮಿಸಬೇಕು. ನಗುವ ಮಾತಾದರೂ ಇದರಲ್ಲಿ ಗಾಂಭೀರ್ಯವಿದೆ. ರಶೀದಿ ಇಡುವ ದಳವು ಒಬ್ಬನ ತಲೆಯೊಳಗೆ ಬದುಕುವುದಿಲ್ಲ. ಅವನ ತಲೆ ಹೋದರೂ ಪುಸ್ತಕ ಉಳಿಯುತ್ತದೆ, ಪುಸ್ತಕ ಓದಬಲ್ಲ ಇನ್ನೊಬ್ಬ ಬರುತ್ತಾನೆ.

ಬಗ್ದಾದಿ ಸತ್ತದ್ದು 2019ರ ಅಕ್ಟೋಬರಿನಲ್ಲಿ, ಸಿರಿಯಾದ ಬಾರಿಶಾ ಎಂಬ ಹಳ್ಳಿಯಲ್ಲಿ. ಆದರೆ ಅವನ ರಾಜ್ಯದ ಕೊನೆಯ ತುಂಡು ನೆಲ ಕೈಬಿಟ್ಟದ್ದು ಅದಕ್ಕೆ ಏಳು ತಿಂಗಳು ಮುಂಚೆ, ಅದೇ ವರ್ಷದ ಮಾರ್ಚಿಯಲ್ಲಿ. ರಾಜ್ಯ ಹೋದ ಮೇಲೆ ರಾಜ ಸತ್ತ, ರಾಜ ಸತ್ತು ರಾಜ್ಯ ಹೋದದ್ದಲ್ಲ. ಆಮೇಲೆ 2022ರ ಫೆಬ್ರವರಿಯಲ್ಲಿ ಒಬ್ಬ, ಅದೇ ವರ್ಷದ ಕೊನೆಯ ಭಾಗದಲ್ಲಿ ಮತ್ತೊಬ್ಬ, 2023ರಲ್ಲಿ ಇನ್ನೊಬ್ಬ ಸತ್ತರೆಂಬ ಸುದ್ದಿ ಬಂತು. ಪ್ರತಿ ಸಲವೂ ಹೊಸ ಹೆಸರು ಸಾರಿದರು. ಶಲ್ಯಪರ್ವವೇ ಮುಗಿಯಲೊಲ್ಲದು.

ಇನ್ನೊಂದು ಅಪಾಯವಿದೆ. ಕೊಂದವನ ಜಾಗಕ್ಕೆ ಅವನಿಗಿಂತ ಸಮರ್ಥನು ಬಂದರೆ? ಲೆಬನಾನಿನ ಹಿಜ್ಬುಲ್ಲಾ ದಳದ ಮುಖ್ಯಸ್ಥ ಅಬ್ಬಾಸ್ ಅಲ್ ಮೂಸಾವಿಯನ್ನು ಇಸ್ರೇಲು 1992ರ ಫೆಬ್ರವರಿ 16ರಂದು ಹೆಲಿಕಾಪ್ಟರಿನಿಂದ ಕೊಂದಿತು. ಹೆಂಡತಿಯೂ ಮಗುವೂ ಜೊತೆಗೆ ಸತ್ತರು. ಒಂದು ತಿಂಗಳಾದ ಮೇಲೆ ಮಾರ್ಚ್ 17ರಂದು ದೂರದ ಅರ್ಜೆಂಟೀನದ ರಾಜಧಾನಿಯಲ್ಲಿ ಇಸ್ರೇಲಿನ ರಾಯಭಾರ ಕಚೇರಿ ಸ್ಫೋಟವಾಗಿ 29 ಮಂದಿ ಸತ್ತರು. ಅದನ್ನು ಸೇಡಿನ ಕೃತ್ಯವೆಂದೇ ಗುರುತಿಸಲಾಗಿದೆ. ಮೂಸಾವಿಯ ಜಾಗಕ್ಕೆ ಬಂದ ಹಸನ್ ನಸ್ರಲ್ಲಾ ಮೂವತ್ತೆರಡು ವರ್ಷ ಆಳಿ, ದಳವನ್ನು ಹಿಂದೆಂದೂ ಇಲ್ಲದಷ್ಟು ಬಲಪಡಿಸಿದ. ದೇವೀಮಹಾತ್ಮೆಯ ಆಟ ನೋಡಿದವರಿಗೆಲ್ಲ ರಕ್ತಬೀಜನ ನೆನಪಾಗಬೇಕು. ಅವನ ರಕ್ತದ ಹನಿ ನೆಲಕ್ಕೆ ಬಿದ್ದಲ್ಲೆಲ್ಲ ಇನ್ನೊಬ್ಬ ರಾಕ್ಷಸ ಹುಟ್ಟಿದ. ಖಡ್ಗವೊಂದೇ ಸಾಲದೆ, ಹನಿ ನೆಲಕ್ಕೆ ಬೀಳದಂತೆ ಕಾಳಿ ನಾಲಿಗೆ ಚಾಚಬೇಕಾಯಿತು.

ಹಾಗಾದರೆ ನಾಯಕರನ್ನು ಮುಟ್ಟದೆ ಬಿಡಬೇಕೆಂದು ನಾವು ಹೇಳುತ್ತಿದ್ದೇವೆಯೇ? ಇಲ್ಲ. ಜಮೆಯ ಕಡೆಯನ್ನೂ ಬರೆಯದೆ ಲೆಕ್ಕ ಮುಗಿಸುವುದು ನಮ್ಮ ಕಸುಬಿಗೆ ಒಪ್ಪುವುದಿಲ್ಲ. ಬಿನ್ ಲಾದೆನ್‌ನನ್ನು 2011ರ ಮೇ 2ರಂದು ಪಾಕಿಸ್ತಾನದ ಅಬೋಟಾಬಾದಿನಲ್ಲಿ ಕೊಂದಾಗ ಆ ಮನೆಯಲ್ಲಿ ಸಿಕ್ಕ ಪತ್ರಗಳಲ್ಲಿ, ಡ್ರೋನುಗಳ ಭಯದಿಂದ ತನ್ನವರು ವಜೀರಿಸ್ತಾನವನ್ನು ಬಿಟ್ಟು ಹೋಗಬೇಕೆಂದು ಆತ ಬರೆದದ್ದಿದೆ. ಅಡಗಿಕೊಳ್ಳುವುದರಲ್ಲೇ ಹೊತ್ತು ಕಳೆಯುವವನಿಗೆ ಹೊಂಚು ಹಾಕಲು ಹೊತ್ತು ಕಡಿಮೆ. 2024ರ ಸೆಪ್ಟೆಂಬರಿನಲ್ಲಿ ಇಸ್ರೇಲು ಹಿಜ್ಬುಲ್ಲಾದ ಪೇಜರುಗಳನ್ನು ಸಿಡಿಸಿ, ಹಲವು ದಳಪತಿಗಳನ್ನು ಕೊಂದು, 27ರಂದು ನಸ್ರಲ್ಲಾನನ್ನೂ ಕೊಂದಿತು. ದಳ ಕುಗ್ಗಿತು, ಎರಡು ತಿಂಗಳಲ್ಲಿ ಕದನವಿರಾಮಕ್ಕೆ ಒಪ್ಪಿತು. ಶ್ರೀಲಂಕೆಯ ಎಲ್.ಟಿ.ಟಿ.ಇ. ಸಂಘಟನೆ 2009ರ ಮೇ ತಿಂಗಳಲ್ಲಿ ಪ್ರಭಾಕರನ್ ಸತ್ತಾಗ ಮುಗಿದೇಹೋಯಿತು. ಆದರೆ ಈ ಎರಡರಲ್ಲೂ ಸತ್ತವನು ಒಬ್ಬನೇ ಅಲ್ಲ. ಮೊದಲನೆಯದರಲ್ಲಿ ದಳಪತಿಗಳ ಸಾಲೇ ಹೋಯಿತು. ಎರಡನೆಯದರಲ್ಲಿ ನೆಲ, ಸೈನ್ಯ, ಹಡಗು ಎಲ್ಲವೂ ಹೋದವು, ಸಾವಿರಾರು ಮಂದಿ ಅಮಾಯಕರ ಪ್ರಾಣವೂ ಹೋಯಿತು. ಆ ಬೆಲೆಯನ್ನು ಲೆಕ್ಕದಿಂದ ಬಿಡಲಾಗದು.

ವಿದ್ವಾಂಸರೂ ಇದನ್ನು ಎಣಿಸಿ ನೋಡಿದ್ದಾರೆ. ಜೆನ್ನಾ ಜೋರ್ಡಾನ್ ಎಂಬ ವಿದುಷಿ 1945ರಿಂದ 2004ರವರೆಗಿನ 298 ಪ್ರಸಂಗಗಳನ್ನು ಪರಿಶೀಲಿಸಿ, ಹಳೆಯದಾದ, ದೊಡ್ಡದಾದ, ಜನಬೆಂಬಲವುಳ್ಳ ದಳಗಳು ನಾಯಕ ಹೋದರೂ ಉಳಿಯುತ್ತವೆಂದು ತೋರಿಸಿದರು. ಬ್ರಯನ್ ಪ್ರೈಸ್ ಎಂಬವರು 207 ದಳಗಳನ್ನು ನೋಡಿ ಬೇರೆ ಮಾತು ಹೇಳಿದರು. ದಳ ಹುಟ್ಟಿದ ಮೊದಲ ವರ್ಷದಲ್ಲೇ ನಾಯಕ ಹೋದರೆ ಅದು ಮುಗಿಯುವ ಸಂಭವ ಎಂಟು ಪಟ್ಟಿಗೂ ಹೆಚ್ಚು. ವರ್ಷ ಕಳೆದಂತೆ ಆ ಪೆಟ್ಟಿನ ಬಲ ಕುಂದುತ್ತದೆ. ಇಪ್ಪತ್ತು ವರ್ಷದ ದಳಕ್ಕೆ ಅದು ತಾಗುವುದೇ ಅಪರೂಪ. ಇಬ್ಬರದೂ ವಿರುದ್ಧ ಮಾತೆಂದು ತೋರಿದರೂ ಅರ್ಥ ಒಂದೇ: ಸಸಿಯನ್ನು ಕೈಯಿಂದ ಕೀಳಬಹುದು, ಮರವನ್ನಲ್ಲ. 1968ರಿಂದ 2006ರವರೆಗಿನ 648 ದಳಗಳನ್ನು ನೋಡಿದ ರ್‍ಯಾಂಡ್ ಸಂಸ್ಥೆಯ ಇನ್ನೊಂದು ಅಧ್ಯಯನದಂತೆ, ಮುಗಿದುಹೋದ ದಳಗಳಲ್ಲಿ ನೂರಕ್ಕೆ 43 ರಾಜಕೀಯದ ದಾರಿಗೆ ಬಂದು ಮುಗಿದವು, 40 ಪೊಲೀಸರ ಹಾಗೂ ಗೂಢಚಾರರ ಕೆಲಸದಿಂದ ಮುಗಿದವು. ಸೈನ್ಯದ ಬಲದಿಂದ ಮುಗಿದವು ನೂರಕ್ಕೆ 7 ಮಾತ್ರ.

ನಮ್ಮ ನಾಡಿನಲ್ಲೇ ಇದಕ್ಕೆ ಸಾಕ್ಷಿಯಿದೆ. ಸಿದ್ಧಾಂತ ಬೇರೆ, ಪ್ರಮಾಣವೂ ಬಹು ಚಿಕ್ಕದು. ಆದರೂ ಪಾಠ ಅದೇ. 2005ರ ಫೆಬ್ರವರಿಯಲ್ಲಿ ಮಲೆನಾಡಿನ ನಕ್ಸಲೀಯರ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಒಂದು ವಾರ ಕಳೆಯುವ ಮೊದಲೇ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರ ಶಿಬಿರದ ಮೇಲೆ ದಾಳಿಯಾಗಿ, ಹೆಂಡಿರು ಮಕ್ಕಳಿದ್ದ ಹಲವು ಪೊಲೀಸರು ಸತ್ತರು. ಮುಂದೆ ಸುಮಾರು ಇಪ್ಪತ್ತು ವರ್ಷ ಕಾಡಿನಲ್ಲಿ ಬಂದೂಕು ಇದ್ದೇ ಇತ್ತು. 2024ರ ನವೆಂಬರಿನಲ್ಲಿ ವಿಕ್ರಮ್ ಗೌಡ ಹೆಬ್ರಿಯ ಬಳಿ ಹತರಾದರು. ಅಷ್ಟು ಹೊತ್ತಿಗೆ ಉಳಿದವರು ಬೆರಳೆಣಿಕೆಯ ಮಂದಿ. ಹಳ್ಳಿಗಳ ಬೆಂಬಲವೂ ಬತ್ತಿತ್ತು. ಈ ಸಲ ಗುಂಡಿನ ಹಿಂದೆಯೇ ಒಂದು ಬಾಗಿಲೂ ತೆರೆದಿತ್ತು. ಸರ್ಕಾರದ ಶರಣಾಗತಿ ಸಮಿತಿಯೂ ನಾಗರಿಕ ವೇದಿಕೆಯೂ ಮಧ್ಯೆ ನಿಂತವು. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಗುಂಡು ಮಾತ್ರ ಇದ್ದಾಗ ಸೇಡು ಬಂತು, ಗುಂಡಿನ ಜೊತೆಗೆ ಹಿಂದಿರುಗುವ ದಾರಿಯೂ ಇದ್ದಾಗ ಆರು ಮಂದಿ ಮನೆಯ ಕಡೆ ತಿರುಗಿದರು.

ಈಗ ರಾಯರಿಗೆ ಉತ್ತರ ಹೇಳಬೇಕು. ರಾಯರೇ, ಒಬ್ಬೊಬ್ಬರನ್ನೇ ಕೊಲ್ಲುತ್ತ ಹೋದರೆ ಇದು ಮುಗಿಯದು. ಎಳೆಯ ದಳವಾದರೆ, ಒಬ್ಬನನ್ನೇ ನೆಚ್ಚಿದ ದಳವಾದರೆ, ಮುಗಿಯಬಹುದು. ಬೇರು ಬಿಟ್ಟದ್ದಾದರೆ ಕೆಲವು ತಿಂಗಳ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಏನು ಮಾಡುತ್ತೇವೆಂಬುದೇ ಮುಖ್ಯ. ಅವರ ಲೆಡ್ಜರನ್ನು ಹರಿಯಬೇಕು, ಅವರ ಗಿರಾಕಿಗಳನ್ನು ಅವರಿಂದ ಬಿಡಿಸಬೇಕು.

ಇದರಲ್ಲಿ ನಮ್ಮಂಥವರಿಗೂ ಪಾಲಿದೆ. 2002ರ ಹಣದ ಅಕ್ರಮ ವರ್ಗಾವಣೆ ತಡೆ ಕಾನೂನಿನಂತೆ ಬ್ಯಾಂಕುಗಳು 10 ಲಕ್ಷ ರೂಪಾಯಿಗೆ ಮೀರಿದ ನಗದು ವ್ಯವಹಾರವನ್ನೂ, ಸಂಶಯಕ್ಕೆ ಎಡೆಕೊಡುವ ಯಾವ ವ್ಯವಹಾರವನ್ನೂ ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕು. ಅದಕ್ಕಾಗಿಯೇ ನಾವು ಕೌಂಟರಿನಲ್ಲಿ ಗುರುತಿನ ಕಾಗದ ಕೇಳುವುದು, ಪ್ಯಾನ್ ಕಾರ್ಡು ಕೇಳುವುದು. ತಾವು ಎಷ್ಟೋ ಸಲ ನಮ್ಮ ಮೇಲೆ ಸಿಡುಕಿದ್ದೀರಿ: “ಇಪ್ಪತ್ತು ವರ್ಷದಿಂದ ನೋಡುತ್ತಿದ್ದೀರಿ, ಮತ್ತೆ ಕಾಗದವೇ?” ಮುಂದಿನ ಸಲ ದಯವಿಟ್ಟು ಸಿಡುಕಬೇಡಿ. ಲಿಮಾದ ಪೊಲೀಸರು ಕಸದ ಚೀಲ ಬಿಚ್ಚಿದಂತೆಯೇ ಇದೂ ಬೇಸರದ ಕೆಲಸ. ಆದರೆ ಬಾಂಬಿನ ಹಿಂದೆ ಯಾವಾಗಲೂ ಒಂದು ಹಣದ ಎಳೆ ಇರುತ್ತದೆ.

ಇನ್ನೊಂದು ಪಾಲು ಮನೆಯೊಳಗಿನದು. ಎಲ್ಲೋ ಒಬ್ಬ ಸತ್ತನೆಂಬ ಸುದ್ದಿ ಬಂದಾಗ ಸಿಹಿ ಹಂಚುವುದನ್ನೂ, ಮರುಕ್ಷಣ ನೆರೆಯ ಯಾವುದೋ ಜಾತಿ ಮತದವರನ್ನೆಲ್ಲ ಒಟ್ಟಾಗಿ ಶಂಕಿಸುವುದನ್ನೂ ನಮ್ಮ ಮಕ್ಕಳು ನೋಡುತ್ತಾರೆ. ದಳಕ್ಕೆ ಬೇಕಾದುದು ಅದೇ. ನಿರಪರಾಧಿಯೊಬ್ಬನನ್ನು ಅವಮಾನಿಸಿದರೆ ನೆಲಕ್ಕೆ ಒಂದು ಹನಿ ಬಿದ್ದಂತೆ. ಪರಊರಿಗೆ ಬಂದು ಬಾಳುವ ನಮಗೆ, ಒಬ್ಬನ ತಪ್ಪಿಗೆ ಭಾಷೆಯವರನ್ನೆಲ್ಲ ದೂರುವುದು ಎಷ್ಟು ನೋಯಿಸುತ್ತದೆಂಬುದನ್ನು ಬೇರೆಯವರು ಕಲಿಸಬೇಕಾಗಿಲ್ಲ.

ರಾಯರು ಇಂದಿಗೂ ಲೋಕಲಿನಲ್ಲೇ ಬರುತ್ತಾರೆ. ಈ ಸಂಜೆಯೂ ಅದರಲ್ಲೇ ಬಂದು, ಬಲಗಿವಿಯನ್ನು ನಮ್ಮ ಕಡೆ ತಿರುಗಿಸಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮೊಮ್ಮಗಳೂ ಪಕ್ಕದಲ್ಲಿದ್ದಾಳೆ. ಹೆದರಿಕೆ ಪೂರ್ತಿ ಹೋಗಿದೆಯೆಂದು ಅವರು ಹೇಳುವುದಿಲ್ಲ, ಹೆದರಿಕೆಗಾಗಿ ರೈಲು ಬಿಟ್ಟವರೂ ಅವರಲ್ಲ. ಅವರಿಗೆ ನಾವು ಕೊಡಬೇಕಾಗಿದ್ದ ಬಾಕಿ ಇಂದಿಗೆ ಇಷ್ಟಾದರೂ ಸಂದಿತೆಂದು ಭಾವಿಸುತ್ತೇವೆ. ಲೆಕ್ಕದಲ್ಲಿ ತಪ್ಪಿದ್ದರೆ ಹಿರಿಯರು ತಿದ್ದಬೇಕು.